ಫ್ರೀಜ್ ಡ್ರೈ ಮೆಶಿನ್ ತರುವ ಮೊದಲು ಬೆಳಗ್ಗಿನ ತಿಂಡಿಗೆ ಹಾಕಿ ನೋಡಿ

ನಮ್ಮ ಸಂಘದಲ್ಲಿ ಫ್ರೀಜ್ ಡ್ರೈಯರ್ ತರುವ ವಿಷಯ ಈಗ ಬರೀ ಮಾತಾಗಿ ಉಳಿದಿಲ್ಲ. ಕೊಟೇಶನ್ ಬಂದಿದೆ, ಬ್ಯಾಂಕಿನವರ ಜತೆ ಒಂದು ಸುತ್ತು ಮಾತಾಗಿದೆ, ಸಬ್ಸಿಡಿ ಎಷ್ಟು ಸಿಗಬಹುದು ಅಂತ ಲೆಕ್ಕ ಹಾಕುವವರು ಹಾಕ್ತಾ ಇದ್ದಾರೆ. ಹಲಸು, ನೇರಳೆ, ಪುನರ್ಪುಳಿ ಎಲ್ಲ ಒಣಗಿಸಿ ಪ್ಯಾಕೆಟ್ ಮಾಡಿ ಬೆಂಗಳೂರಿಗೆ ಕಳಿಸುವುದು ಅಂತ ಯೋಚನೆ. ಸಾಲ ತೆಗೆದರೆ ರುಜು ಹಾಕಬೇಕಾದವರು ನಾವೇ 14 ಮನೆಯವರು. ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತಾ ಇದ್ದೇನೆ, ಸಭೆಯಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯುವ ಸಂಗತಿ ಅಲ್ಲ ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಈ ವರ್ಷ ಮೆಶಿನ್ ಬೇಡ. ಮೆಶಿನ್ ಕೆಟ್ಟದ್ದು ಅಂತ ಅಲ್ಲ. ಒಣಗಿಸಿದ ಹಣ್ಣನ್ನು ಬೆಳಗ್ಗೆ ಎಂತದಕ್ಕೆ ಹಾಕಿ ತಿನ್ನುವುದು ಅಂತ ನಮ್ಮ ಅಡುಗೆಮನೆಗೇ ಇನ್ನೂ ಗೊತ್ತಿಲ್ಲ. ಹಾಗಿರುವಾಗ ಫ್ಲಾಟಿನಲ್ಲಿರುವವರು ಎರಡನೇ ಸಲ ಪ್ಯಾಕೆಟ್ ತೆಗೆದುಕೊಳ್ತಾರೆ ಅಂತ ಯಾವ ಧೈರ್ಯದ ಮೇಲೆ ಸಾಲ ಮಾಡುವುದು? ಮೊದಲನೇ ಸಲ ಎಲ್ಲರೂ ತೆಗೆದುಕೊಳ್ತಾರೆ ಮಾರಾಯ್ರೇ, ಚಂದ ಉಂಟಲ್ಲ, ಬಾಯಿಗೆ ಹಾಕಿದರೆ ಕರುಂ ಅಂತದೆ. ತಿಂಗಳು ತಿಂಗಳು ತೆಗೆದುಕೊಳ್ಳಬೇಕಾದರೆ ಅದು ತಿಂಡಿಯ ತಟ್ಟೆಗೆ ಹೋಗಬೇಕು.

ಕಳೆದ ಮಳೆಗಾಲದಿಂದ ಈಚೆ ನಮ್ಮ ಮನೆಯಲ್ಲಿ ಇದರದ್ದೇ ಪ್ರಯೋಗ. ಬಕ್ಕೆ ಹಲಸಿನ ಹಣ್ಣಿನ ಸೊಳೆ 10 ಕಿಲೋ, ಬೀಜ ತೆಗೆದ ನೇರಳೆ 4 ಕಿಲೋ, ಬಾಡಿಗೆ ಲೆಕ್ಕದಲ್ಲಿ ಒಣಗಿಸಿ ಕೊಡುವ ಒಂದು ಘಟಕದಲ್ಲಿ ಮಾಡಿಸಿ ತಂದೆ. ಹಲಸು ಎರಡೂವರೆ ಕಿಲೋಗೆ ಒಂಚೂರು ಕಡಿಮೆ ಬಂತು, ನೇರಳೆ 650 ಗ್ರಾಂ. ಅಮೆರಿಕದಿಂದ ಬಂದ ತಂಗಿ ಸ್ಟ್ರಾಬೆರಿ ಒಂದು ಡಬ್ಬ, ಬ್ಲೂಬೆರಿ ಒಂದು ಡಬ್ಬ ತಂದಿದ್ದಳು, ಅದೂ ಸೇರಿತು. ಅಡುಗೆ ಮಾಡಿದ್ದು ಹೆಚ್ಚಿನದ್ದು ಹೆಂಡತಿ, ರುಚಿಯ ತೀರ್ಪು ಅಮ್ಮನದ್ದು, ಬರೆದಿಟ್ಟುಕೊಂಡದ್ದು ನಾನು.

ಫ್ರೀಜ್ ಡ್ರೈ ಅಂದರೆ ಎಂತ ಅಂತ ಇನ್ನೂ ಕೆಲವರಿಗೆ ಗೊಂದಲ ಉಂಟು. ನಾವು ಅಡಿಕೆ ಒಣಗಿಸುವಾಗ ನೀರು ಒಳಗಿಂದ ಹೊರಗೆ ಬಂದು ಆವಿಯಾಗ್ತದೆ. ಹಣ್ಣನ್ನು ಹಾಗೆ ಒಣಗಿಸಿದರೆ ನೀರು ಬರುವ ದಾರಿಯಲ್ಲಿ ಗೋಡೆ ಕುಸಿದು ಸುಕ್ಕಾಗ್ತದೆ, ಬಣ್ಣ ಕಪ್ಪಾಗ್ತದೆ. ಫ್ರೀಜ್ ಡ್ರೈಯಲ್ಲಿ ಹಣ್ಣನ್ನು ಸೊನ್ನೆಗಿಂತ 40 ಡಿಗ್ರಿಯಷ್ಟು ಕೆಳಗೆ ಗಟ್ಟಿ ಹೆಪ್ಪುಗಟ್ಟಿಸಿ, ಆಮೇಲೆ ಪೆಟ್ಟಿಗೆಯ ಗಾಳಿ ಎಳೆದು ತೆಗೀತಾರೆ. ಗಾಳಿಯ ಒತ್ತಡ ಅಷ್ಟು ಕಡಿಮೆ ಇರುವಾಗ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಿ ಹೋಗ್ತದೆ. ನೀರು ಇದ್ದ ಜಾಗ ಖಾಲಿ ತೂತಾಗಿ ಉಳೀತದೆ, ಆಕಾರ ಹಾಗೇ ಇರ್ತದೆ, ಪರಿಮಳವೂ ಬಹಳಷ್ಟು ಉಳೀತದೆ. ಒಂದು ಬಾರಿಗೆ ಒಂದು ಹಗಲು ರಾತ್ರಿ ಸಾಕಾಗುವುದಿಲ್ಲ, ಹಣ್ಣು ನೋಡಿಕೊಂಡು 30 ಗಂಟೆ, 40 ಗಂಟೆ ಓಡಬೇಕು. ಹೊಸ ವಿದ್ಯೆ ಏನಲ್ಲ ಇದು. ಪೆರು ದೇಶದ ಎತ್ತರದ ಬೆಟ್ಟದವರು ಆಲೂಗೆಡ್ಡೆಯನ್ನು ರಾತ್ರಿ ಹಿಮಕ್ಕೆ ಹಾಕಿ, ಹಗಲು ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಇಟ್ಟುಕೊಳ್ತಾ ಬಂದಿದ್ದಾರೆ, ಚುನ್ಯೋ ಅಂತ ಅದರ ಹೆಸರು. ನಮ್ಮದೇ ರಾಜ್ಯದಲ್ಲಿ ಮೈಸೂರಿನಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಅಂತ 1961ರಲ್ಲಿ ಶುರುವಾಗಿತ್ತು, ಸೈನಿಕರಿಗೆ ಹೊತ್ತುಕೊಂಡು ಹೋಗ್ಲಿಕ್ಕೆ ಹಗುರಾದ, ಕೆಡದ ಆಹಾರ ಮಾಡುವುದೇ ಅವರ ಕೆಲಸ ಆಗಿತ್ತು. ಇನ್ನು ಬಾಟ್ಲಿಯಲ್ಲಿ ಹರಳು ಹರಳಾಗಿ ಬರುವ ಇನ್‌ಸ್ಟಂಟ್ ಕಾಫಿ ಇದೆಯಲ್ಲ, ಅದರಲ್ಲಿ ದುಬಾರಿಯದ್ದು ಹೀಗೇ ಒಣಗಿಸಿದ್ದು.

ಅಮೆರಿಕದಲ್ಲಿ ಇದು ಮನೆ ಮನೆಗೆ ಹೋಗಿದೆ. ಅಲ್ಲಿ, ಮುಖ್ಯವಾಗಿ ಯೂಟಾ ರಾಜ್ಯದ ಕಡೆ, ತಿಂಗಳುಗಟ್ಟಲೆಗೆ, ಕೆಲವರು ಇಡೀ ವರ್ಷಕ್ಕೆ ಬೇಕಾದ ಆಹಾರವನ್ನು ಮನೆಯಲ್ಲಿ ಕೂಡಿಟ್ಟುಕೊಳ್ಳುವ ಪದ್ಧತಿ ಉಂಟು. ನಮ್ಮ ಅಟ್ಟದ ಹಾಗೆಯೇ ಅಂತ ಇಟ್ಟುಕೊಳ್ಳಿ, ಅಟ್ಟದಲ್ಲಿ ಭರಣಿ, ಅಲ್ಲಿ ತಗಡಿನ ಡಬ್ಬ. ಬೆಳಗ್ಗೆ ಓಟ್ಸ್ ಗಂಜಿಗೆ ಒಂದು ಮುಷ್ಟಿ ಬ್ಲೂಬೆರಿ, ಪ್ಯಾನ್‌ಕೇಕಿಗೆ ಒಂದು ಮುಷ್ಟಿ ಸ್ಟ್ರಾಬೆರಿ, ಹಾಕಿದರೆ ಮುಗಿಯಿತು. ಅವರ ತಿಂಡಿಯೇ ಸಿಹಿ. ಹಣ್ಣಿಗಾಗಿ ಅಡುಗೆ ಬದಲಿಸುವ ಅಗತ್ಯ ಅವರಿಗೆ ಬೀಳುವುದಿಲ್ಲ. ನಮ್ಮದು ಉಪ್ಪು, ಹುಳಿ, ಖಾರದ ತಿಂಡಿ, ಅದರಲ್ಲೂ ರಾತ್ರಿ ಹುಳಿ ಬಂದ ಹಿಟ್ಟು. ಕೊಟೇಶನ್ ಕೊಟ್ಟವರ ಚಂದದ ಪುಸ್ತಕದಲ್ಲಿ ಈ ವ್ಯತ್ಯಾಸದ ಬಗ್ಗೆ ಒಂದು ಸಾಲೂ ಇಲ್ಲ.

ಈಗ ಅಡುಗೆಗೆ ಬರುವ.

ಬ್ಲೂಬೆರಿ ಮತ್ತು ನೇರಳೆಯನ್ನು ಉದ್ದಿನ ದೋಸೆ ಹಿಟ್ಟಿಗೆ ಕಲಸಿದ್ದು ಮೊದಲ ಪ್ರಯೋಗ. ಬಣ್ಣ ನೋಡಿಯೇ ಮಗಳು ಎದ್ದು ಹೋದಳು. ನೇರಳೆಯ ಬಣ್ಣ ಹುಳಿಯಲ್ಲಿ ಕೆಂಪು, ಹುಳಿ ಇಲ್ಲದಲ್ಲಿ ನೇರಳೆ, ಸೋಡಾ ತಾಗಿದರೆ ನೀಲಿಗೂ ಹಸಿರಿಗೂ ತಿರುಗ್ತದೆ. ಹಿಟ್ಟಿಗೆ ಸೋಡಾ ಹಾಕುವ ಅಭ್ಯಾಸ ಇರುವ ಮನೆಯಲ್ಲಿ ದೋಸೆ ಪಾಚಿ ಹಿಡಿದ ಅಂಗಳದ ಹಾಗೆ ಕಾಣ್ತದೆ. ರುಚಿ ಏನೂ ಕೆಟ್ಟಿರಲಿಲ್ಲ, ಆದರೆ ಬೆಳಗ್ಗೆ ಬೆಳಗ್ಗೆ ಯಾರು ಕಣ್ಣು ಮುಚ್ಚಿ ತಿನ್ತಾರೆ? ನೀರುದೋಸೆ ಹಿಟ್ಟಿಗೂ ಕಲಸಬಾರದು. ನೀರುದೋಸೆಯ ಬಿಳಿ ಬಿಳಿಯಾಗಿಯೇ ಇರಲಿ, ನೇರಳೆಯನ್ನು ಪುಡಿ ಮಾಡಿ ಕಾಯಿಬೆಲ್ಲಕ್ಕೆ ಸೇರಿಸಿ. ಒಂದು ಹಿಡಿ ತುರಿದ ಕಾಯಿ, ಅದಕ್ಕೆ ಬೇಕಾದಷ್ಟು ಬೆಲ್ಲ, ಒಂದು ಚಮಚ ನೇರಳೆ ಪುಡಿ, ಒಂದು ಏಲಕ್ಕಿ. ನೇರಳೆಯ ಒಗರು ಬೆಲ್ಲದ ಮಂದ ಸಿಹಿಯನ್ನು ಸರಿಯಾಗಿ ತುಂಡರಿಸ್ತದೆ. ಇದು ನಮ್ಮ ಮನೆಯಲ್ಲಿ ನಿಂತ ಮೊದಲ ತಿಂಡಿ. ಅಮ್ಮ ಇನ್ನೊಂದು ದೋಸೆ ಹಾಕಿಸಿಕೊಂಡರು, ನಮ್ಮಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅವಲಕ್ಕಿಗೆ ಹಲಸು ಹೇಳಿ ಮಾಡಿಸಿದ ಹಾಗೆ. ತೆಳು ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಕೈಯಲ್ಲಿ ಹಿಚುಕಿ, ಕೊನೆಗೆ ಒಣ ಸೊಳೆಯನ್ನು ಬೆರಳಲ್ಲೇ ಮುರಿದು ಹಾಕಿ ಐದು ನಿಮಿಷ ಮುಚ್ಚಿಡಬೇಕು. ಹೊರಗಿನ ಪದರ ಕಾಯಿಯ ಹಾಲು ಎಳೆದುಕೊಂಡು ಮೆತ್ತಗಾಗಿರ್ತದೆ, ನಡು ಇನ್ನೂ ಕರುಂ ಅಂತದೆ. ಹತ್ತು ನಿಮಿಷ ಬಿಟ್ಟರೆ ಪೂರಾ ಮೆತ್ತಗೆ, ಆಗ ಎಂತ ಸ್ವಾರಸ್ಯವೂ ಇಲ್ಲ. ಪೇಟೆಯ ಹೋಟೆಲಲ್ಲಿ ಸಜ್ಜಿಗೆ ಬಜಿಲ್ ತಿನ್ನುವವರು ನಾವು, ಅದರಲ್ಲಿ ಬಜಿಲಿನ ಕಡೆಗೆ ಒಂದು ಚಮಚ ಹಲಸಿನ ಚೂರು ಉದುರಿಸಿ ನೋಡಿ. ಖಾರದ ಒಗ್ಗರಣೆಗೂ ಹಲಸಿನ ಸಿಹಿಗೂ ಹೊಂದಿಕೆ ಆಗ್ತದೆ ಅಂತ ನಾನಂತೂ ಊಹಿಸಿರಲಿಲ್ಲ. ಸಿಹಿ ಸಜ್ಜಿಗೆಗಾದರೆ ಒಲೆ ಆರಿಸಿದ ಮೇಲೆಯೇ ಹಾಕಬೇಕು. ರವೆ ಬೇಯುವಾಗ ಹಾಕಿದರೆ ರವೆಗೆ ಬೇಕಾದ ನೀರನ್ನೇ ಹಣ್ಣು ಕುಡಿದು ಕೂತುಕೊಳ್ತದೆ, ರವೆ ಹಸಿ, ಹಣ್ಣು ಅಂಟು.

ರಾಗಿ ಗಂಜಿಗೆ ಸ್ಟ್ರಾಬೆರಿ ಚೂರು ಹಾಕಿದ್ದನ್ನು ಮಗಳು ಈಗಲೂ ಕೇಳ್ತಾಳೆ. ಡಬ್ಬ ಖಾಲಿಯಾಗಿ ತಿಂಗಳಾಯಿತು. ನೇರಳೆ ಪುಡಿ ಅದೇ ಜಾಗಕ್ಕೆ ಆಗ್ತದೆ, ಆದರೆ ಗಂಜಿ ಸ್ವಲ್ಪ ತಣಿದ ಮೇಲೆ ಹಾಕಿ. ಹಾಲು ಹಾಕಿದ ಗಂಜಿ ಕುದಿಯುತ್ತಾ ಇರುವಾಗ ಹಾಕಿದರೆ ಹುಳಿಗೆ ಹಾಲು ಒಡೀತದೆ. (ಒಂದು ಮೋಜಿನ ಸಂಗತಿ: ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ಬೆರಿಯೇ ಅಲ್ಲವಂತೆ. ನಮ್ಮ ಬಾಳೆಹಣ್ಣು ಬೆರಿ! ಹಾಗೆ ನೋಡಿದರೆ ಬೆರಿ ಹಾಕಿದ ತಿಂಡಿ ನಾವು ಬನ್ಸಿನ ರೂಪದಲ್ಲಿ ಎಷ್ಟೋ ವರ್ಷದಿಂದ ತಿನ್ತಾ ಇದ್ದೇವೆ.) ಬಾಳೆಹಣ್ಣನ್ನು ಫ್ರೀಜ್ ಡ್ರೈ ಮಾಡುವ ಯೋಚನೆ ಮಾತ್ರ ಬಿಡಿ, 12 ತಿಂಗಳೂ ಗೊನೆ ಇರುವ ಊರಲ್ಲಿ ಅದಕ್ಕೆ ಕರೆಂಟ್ ಸುಡುವುದು ಯಾಕೆ? ಪುನರ್ಪುಳಿಯೂ ಹಾಗೆಯೇ. ಸಿಪ್ಪೆ ಬಿಸಿಲಲ್ಲಿ ಒಣಗಿಸಿದರೆ ವರ್ಷ ಇರ್ತದೆ, ಸಾರಿಗೂ ಶರಬತ್ತಿಗೂ ಅದೇ ಸಾಕು.

ಇನ್ನು ಕೊಟ್ಟಿಗೆ. ಎಲ್ಲರ ಆಸೆ ಇರುವುದೇ ಇದರ ಮೇಲೆ, ಜನವರಿಯಲ್ಲಿ ಹಲಸಿನ ಹಣ್ಣಿನ ಕೊಟ್ಟಿಗೆ ತಿನ್ನುವುದು! ಆಗ್ತದೆ, ಸುಳ್ಳಲ್ಲ. 50 ಗ್ರಾಂ ಒಣ ಸೊಳೆಗೆ 150 ಎಂ.ಎಲ್. ಉಗುರುಬೆಚ್ಚಗಿನ ನೀರು ಹಾಕಿ ಅರ್ಧ ಗಂಟೆ ಇಟ್ಟರೆ 200 ಗ್ರಾಂ ಹಣ್ಣು ಸಿಕ್ಕಿದ ಹಾಗೆ. ನೆನೆದ ಅಕ್ಕಿ, ಕಾಯಿ, ಬೆಲ್ಲದ ಜತೆ ತರಿತರಿಯಾಗಿ ಕಡೆದು ಬಾಳೆಲೆಯಲ್ಲಿ ಮಡಚಿ ಹಬೆಯಲ್ಲಿಟ್ಟರೆ ಎಲೆ ಬಿಡಿಸುವಾಗ ಜೂನ್ ತಿಂಗಳ ಪರಿಮಳವೇ ಬರ್ತದೆ. ಆದರೆ ಅದೇ ವಾರ ಹೆಂಡತಿ ಭರಣಿಯಿಂದ ಬೆರಟಿ ತೆಗೆದು ಇನ್ನೊಂದು ಪಾತ್ರೆಯಲ್ಲಿ ಕೊಟ್ಟಿಗೆ ಇಟ್ಟಿದ್ದಳು. ಬೆಲ್ಲದಲ್ಲಿ ಕಾಸಿದ ಹಲಸಿಗೆ ಪರಿಮಳ ಬೇರೆಯೇ, ಹಸಿ ಹಣ್ಣಿನದ್ದಲ್ಲ, ಪಾಕದ್ದು. ಎರಡನ್ನೂ ಅಮ್ಮನ ಎದುರು ಇಟ್ಟು ಯಾವುದು ಅಂತ ಕೇಳಿದೆವು.

"ಇದಕ್ಕೆ ಪರಿಮಳ ಉಂಟು, ಅದಕ್ಕೆ ರುಚಿ ಉಂಟು. ಇದನ್ನು ಮಾಡ್ಲಿಕ್ಕೆ ಎಷ್ಟು ಖರ್ಚಾಯ್ತು?"

ಹೇಳಿದೆ. ಅವರು ಬೆರಟಿಯದ್ದನ್ನು ಹತ್ತಿರ ಎಳೆದುಕೊಂಡರು.

ಅಂದರೆ ವರ್ಷದ ಪ್ರಯೋಗದಲ್ಲಿ ನಿಂತದ್ದು ಮೂರು ತಿಂಡಿ. ಕಾಯಿಬೆಲ್ಲಕ್ಕೆ ನೇರಳೆ ಪುಡಿ, ಅವಲಕ್ಕಿಗೆ ಹಲಸು, ಮಕ್ಕಳ ಗಂಜಿಗೆ ಯಾವುದಾದರೂ. ಒಣಗಿಸಿ ಮೇಲೆ ಉದುರಿಸುವಲ್ಲಿ ಈ ಹಣ್ಣಿಗೆ ಸಾಟಿ ಇಲ್ಲ. ನೆನೆಸಿ ಕಡೆಯುವಲ್ಲಿ ಹಳೆಯ ಸಂಗ್ರಹವೇ ಸಾಕು, ಕೆಲವು ಕಡೆ ಮೇಲು. ಸಂಘದವರು ಪ್ಯಾಕೆಟಿನ ಮೇಲೆ ಅಡುಗೆ ವಿಧಾನ ಹಾಕುವಾಗ ಈ ಮೂರನ್ನೇ ಹಾಕಿದರೆ ಒಳ್ಳೆಯದು, ಹಲ್ವ, ಪಾಯಸ, ಐಸ್‌ಕ್ರೀಂ ಅಂತ ಹತ್ತು ಹೆಸರು ಬೇಡ.

ಈಗ ಮೆಶಿನಿನ ಲೆಕ್ಕ. ಒಂದು ಬಾರಿಗೆ 10 ಕಿಲೋ ಹಣ್ಣು ಹಿಡಿಯುವ ಮೆಶಿನ್ ಅಂತ ಹಿಡಿಯಿರಿ. ಒಣಗಿಸಿ, ಮಂಜು ಕರಗಿಸಿ, ತೊಳೆದು ಮತ್ತೆ ತುಂಬುವಾಗ ವಾರಕ್ಕೆ 5 ಸಲಕ್ಕಿಂತ ಹೆಚ್ಚು ಓಡಿಸ್ಲಿಕ್ಕೆ ಆಗುವುದಿಲ್ಲ. ವಾರಕ್ಕೆ 50 ಕಿಲೋ ಸೊಳೆ. ಚೆನ್ನಾಗಿ ಬಿಡುವ ಒಂದು ಹಲಸಿನ ಮರದಲ್ಲಿ 10 ಕಿಲೋದ 50 ಹಣ್ಣು ಅಂತ ಇಟ್ಟುಕೊಂಡರೂ, ಸಿಪ್ಪೆ, ಬೀಜ, ಸಾರೆ ಕಳೆದು 150 ಕಿಲೋ ಸೊಳೆ. ಅಂದರೆ ಒಂದೇ ಮರಕ್ಕೆ 3 ವಾರ. ನಮ್ಮ 14 ಮನೆಯಲ್ಲಿ ಮರ ಎಷ್ಟು ಉಂಟು ಅಂತ ನಿಮಗೇ ಗೊತ್ತು, ಹಣ್ಣಾಗುವುದು ಎಲ್ಲ ಒಟ್ಟಿಗೆ. ಮರದಡಿ ಕೊಳೆಯುವ ಹಲಸನ್ನು ಉಳಿಸ್ಲಿಕ್ಕೆ ಅಂತ ಹೊರಟವರು, ಈ ಗಾತ್ರದ ಮೆಶಿನಿನಿಂದ ಉಳಿಸುವುದು ಒಂದು ಮೂಲೆಯ ಹಣ್ಣು ಮಾತ್ರ. ದೊಡ್ಡ ಮೆಶಿನ್ ತಂದರೆ ಸಾಲ ದೊಡ್ಡದು, ತ್ರೀ ಫೇಸ್ ಲೈನ್ ಬೇಕು, ಮತ್ತೆ ಆಗಸ್ಟ್ ನಂತರ ಅದಕ್ಕೆ ಕೆಲಸ ಇಲ್ಲ.

ಕರೆಂಟಿನ ವಿಷಯ ನನಗೆ ನಿದ್ದೆ ಕೆಡಿಸುವುದು. ನೇರಳೆ ಮೇ, ಜೂನಿನಲ್ಲಿ. ಹಲಸು ಏಪ್ರಿಲಿನಿಂದ ಜುಲೈವರೆಗೆ. ನಮ್ಮಲ್ಲಿ ಗಾಳಿಮಳೆಗೆ ಮರ ಬಿದ್ದು ಲೈನ್ ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಅಡಿಕೆ ಸೋಲಾರ್ ಮನೆಯಲ್ಲಿ ಎರಡು ದಿನ ಬಿಸಿಲು ಬಾರದಿದ್ದರೆ ಮೂರನೇ ದಿನ ಒಣಗ್ತದೆ. ಇದು ಹಾಗಲ್ಲ. 20 ಗಂಟೆ ಓಡಿದ ಮೇಲೆ ಕರೆಂಟ್ ಹೋಗಿ ಒಳಗಿನ ಮಂಜು ಕರಗಿತು ಅಂತಾದರೆ ಆ ತೂತುಗಳೆಲ್ಲ ಕುಸಿದು ಹಣ್ಣು ಮುದ್ದೆಯಾಗ್ತದೆ, ಪುನಃ ಸರಿಮಾಡ್ಲಿಕ್ಕೆ ಬರುವುದಿಲ್ಲ. ಜನರೇಟರ್ ಇಟ್ಟರೆ ಡೀಸೆಲಿನ ಲೆಕ್ಕವನ್ನು ಕೊಟೇಶನಿಗೆ ಸೇರಿಸಿ ಆಮೇಲೆ ಲಾಭ ನೋಡಬೇಕು. ಈಗ ತೋರಿಸುವ ಲಾಭದ ಕಾಗದದಲ್ಲಿ ಅದು ಸೇರಿಲ್ಲ, ವ್ಯಾಕ್ಯೂಮ್ ಪಂಪಿನ ಎಣ್ಣೆ ಬದಲಿಸುವ ಖರ್ಚೂ ಇಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಒಂದುಂಟು, ಅದನ್ನು ಸಭೆಯಲ್ಲಿ ಗಂಡಸರು ಯಾರೂ ಎತ್ತಲಿಲ್ಲ. ಮೆಶಿನ್ ಹಲಸು ಕೊಯ್ಯುವುದಿಲ್ಲ. ಮರದಿಂದ ಇಳಿಸುವುದು, ಕಡಿಯುವುದು, ಕೈಗೆ ಎಣ್ಣೆ ಹಚ್ಚಿ ಮೇಣ ತೆಗೆಯುವುದು, ಸೊಳೆ ಬಿಡಿಸುವುದು, ಬೀಜ ಬೇರೆ ಮಾಡುವುದು, ಒಂದೇ ಅಳತೆಗೆ ಸೀಳುವುದು, ಇದೆಲ್ಲ ಮೊದಲಿನ ಹಾಗೇ ಉಳೀತದೆ. ಉಪ್ಪು ಸೊಳೆ, ಮಾಂಬಳ, ಬೆರಟಿ ಕಡಿಮೆಯಾದದ್ದು ಒಣಗಿಸ್ಲಿಕ್ಕೆ ವಿದ್ಯೆ ಇಲ್ಲದೆ ಅಲ್ಲ, ಬಿಡಿಸಿ ಕೊಡ್ಲಿಕ್ಕೆ ಕೈ ಇಲ್ಲದೆ. ಆ ಕೈ ಮೊದಲು ಅಜ್ಜಿಯಂದಿರದ್ದು, ಅತ್ತೆಯಂದಿರದ್ದು ಇತ್ತು, ಈಗ ಮನೆಯಲ್ಲಿ ಇಬ್ಬರೋ ಮೂವರೋ. ಮೆಶಿನ್ ಬಂದರೆ ವಾರಕ್ಕೆ 50 ಕಿಲೋ ಸೊಳೆ ಬಿಡಿಸುವವರು ಯಾರು, ಅವರಿಗೆ ಕಿಲೋಗೆ ಎಷ್ಟು ಕೂಲಿ? ಆ ಸಾಲು ಕಾಗದದಲ್ಲಿ ಬರಲಿ. "ಹೆಂಗಸರು ಮಾಡ್ತಾರೆ" ಅಂತ ಬರೆದರೆ ಅದು ಲೆಕ್ಕ ಅಲ್ಲ. ನಮ್ಮ ಮನೆಯ 10 ಕಿಲೋಗೇ ಇಬ್ಬರಿಗೆ ಬೆಳಗ್ಗಿಂದ ಮಧ್ಯಾಹ್ನ ಊಟದವರೆಗೆ ಹಿಡಿಯಿತು, ಮೆಶಿನಿಗೆ ಬೇಕಾದ ಹಾಗೆ ತೆಳ್ಳಗೆ, ಒಂದೇ ದಪ್ಪಕ್ಕೆ ಸೀಳಬೇಕಲ್ಲ.

ತುಳುವ ಹಲಸನ್ನು ಹಾಕಬಹುದಾ ಅಂತ ಇಬ್ಬರು ಕೇಳಿದ್ದರು. ಘಟಕದವರು ನನ್ನೆದುರೇ ಒಂದು ತಟ್ಟೆ ಹಾಕಿ ತೋರಿಸಿದರು. ಸಕ್ಕರೆ ಜಾಸ್ತಿ, ಲೋಳೆ ಬೇರೆ, ಉಬ್ಬಿ ತಟ್ಟೆಗೆ ಅಂಟಿ ಕೂತಿತು. ತುಳುವನಿಗೆ ಚಾಪೆಯ ಮೇಲೆ ಮಾಂಬಳವೇ ಸರಿ.

2021ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದೆ ಗೊನೆ ತೋಟದಲ್ಲೇ ಹಣ್ಣಾಗಿ ಹೋಗ್ತಾ ಇದ್ದಾಗ ಬಾಕಾಹು, ಅಂದರೆ ಬಾಳೆಕಾಯಿ ಹುಡಿ, ಹೇಗೆ ಹಬ್ಬಿತು ನೆನಪು ಮಾಡಿಕೊಳ್ಳಿ. ಶ್ರೀಪಡ್ರೆಯವರೂ ಅಡಿಕೆ ಪತ್ರಿಕೆಯೂ ಅದನ್ನು ಎತ್ತಿಕೊಂಡದ್ದು ನಿಜ. ಆದರೆ ಉತ್ತರ ಕನ್ನಡದಲ್ಲಿ ಅದು ಮನೆಯಿಂದ ಮನೆಗೆ ಹೋದದ್ದು ಅಡುಗೆಯ ಮೂಲಕ. ಹೆಚ್ಚಿ, ಬಿಸಿಲಿಗೆ ಹಾಕಿ, ಮಿಕ್ಸಿಯಲ್ಲಿ ಪುಡಿ ಮಾಡಿ, ರೊಟ್ಟಿ ಮಾಡಿ, ದೋಸೆ ಮಾಡಿ, ಫೋಟೋ ಹಾಕಿ, ಇನ್ನೊಬ್ಬರಿಗೆ ಹೇಳಿ. ಮಾರಾಟ ಅದರ ಹಿಂದೆ ಬಂತು. ನಾವು ತಿರುಗಿಸಿ ಮಾಡ್ಲಿಕ್ಕೆ ಹೊರಟಿದ್ದೇವೆ, ಮೊದಲು ಸಾಲ, ಆಮೇಲೆ ಮೆಶಿನ್, ಆಮೇಲೆ ಪ್ಯಾಕೆಟ್, ಕೊನೆಗೆ ತಿನ್ನುವವರನ್ನು ಹುಡುಕುವುದು.

ಹಾಗಾದರೆ ಎಂತ ಮಾಡುವುದು ಅಂತ ಕೇಳ್ತೀರಿ. ಈ ಸೀಸನಿಗೆ ಮನೆಗೆ 10 ಕಿಲೋದ ಹಾಗೆ ಬಕ್ಕೆಯನ್ನೂ ಸಿಕ್ಕಿದಷ್ಟು ನೇರಳೆಯನ್ನೂ ಬಾಡಿಗೆಗೆ ಒಣಗಿಸಿ ತರುವ. ಅರ್ಧ ನಾವೇ ತಿನ್ನುವ, ಅರ್ಧ ಸಣ್ಣ ಪ್ಯಾಕೆಟ್ ಮಾಡಿ ಪರಿಚಯದವರಿಗೆ ದುಡ್ಡಿಗೇ ಕೊಡುವ, ಪುಕ್ಕಟೆ ಬೇಡ. ಮೂರು ತಿಂಗಳ ನಂತರ ಅವರು ತಾವಾಗಿ ಫೋನ್ ಮಾಡಿ ಇನ್ನೊಂದು ಕೇಳಿದರಾ ಅಂತ ಬರೆದಿಟ್ಟುಕೊಳ್ಳುವ. 14 ಮನೆಯ ಲೆಕ್ಕ ಒಟ್ಟು ಮಾಡಿದರೆ ಬ್ಯಾಂಕಿನವರಿಗೆ ತೋರಿಸ್ಲಿಕ್ಕೂ ಒಂದು ಕಾಗದ ಆಗ್ತದೆ. ಕೇಳುವವರು ಇದ್ದಾರೆ ಅಂತಾದರೆ ಮುಂದಿನ ವರ್ಷ ನಾನೇ ಮೊದಲು ರುಜು ಹಾಕ್ತೇನೆ. ಅಷ್ಟರವರೆಗೆ ಸಂಘದ ಹಣದಲ್ಲಿ ಹಲಸು ಬಿಡಿಸುವವರಿಗೆ ಕೂಲಿ ಕೊಟ್ಟು ಉಪ್ಪು ಸೊಳೆ ಹಾಕಿಸುವ ಅಂತ ನನ್ನ ಸಲಹೆ. ಆಟಿಯ ಮಳೆಯಲ್ಲಿ ಉಪ್ಪು ಬಿಡಿಸಿ, ಅಕ್ಕಿ ಕಾಯಿ ಜತೆ ಗಟ್ಟಿ ಕಡೆದು, ಬಾಳೆಲೆಯಲ್ಲಿ ತಟ್ಟಿ ಕಾವಲಿಗೆ ಹಾಕಿದ ರೊಟ್ಟಿಗೆ ಪೇಟೆಯಲ್ಲಿ ಗಿರಾಕಿ ಇಲ್ಲ ಅಂತ ಯಾರೂ ಹೇಳ್ಲಿಕ್ಕಿಲ್ಲ. ಆ ಉಪ್ಪು ಸೊಳೆಗೆ ಕರೆಂಟೂ ಬೇಡ.

ಈಗಾಗಲೇ ಫ್ರೀಜ್ ಡ್ರೈ ಹಣ್ಣು ತಂದು ಇಟ್ಟುಕೊಂಡವರಿಗೆ ಒಂದು ಮಾತು. ನಮ್ಮ ಮಳೆಗಾಲದ ಗಾಳಿಯಲ್ಲಿ ಡಬ್ಬ ತೆರೆದಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಹಣ್ಣು ತೇವ ಎಳೆದು ಚರ್ಮದ ಹಾಗೆ ಆಗಿರ್ತದೆ. ದೊಡ್ಡ ಪ್ಯಾಕೆಟ್ ತಂದದ್ದಾದರೆ ಬಿಸಿಲಿರುವ ದಿನ ನೋಡಿ ಸಣ್ಣ ಗಾಜಿನ ಬಾಟ್ಲಿಗಳಿಗೆ ಪೂರ್ತಿ ತುಂಬಿ ಬಿಗಿಯಾಗಿ ಮುಚ್ಚಿಡಿ, ಒಂದು ವಾರದಲ್ಲಿ ಮುಗಿಯುವಷ್ಟನ್ನು ಮಾತ್ರ ತೆರೆಯಿರಿ. ಬೆಳಕಿಗೆ ಇಡಬೇಡಿ, ಬಣ್ಣ ಹೋಗ್ತದೆ. ಒದ್ದೆ ಚಮಚ ಹಾಕಬೇಡಿ ಅಂತ ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ. ಮೆತ್ತಗಾಗಿ ಹೋದದ್ದನ್ನು ಬಿಸಾಡಬೇಡಿ, ಬೂಸ್ಟು ಹಿಡಿಯುವ ಮೊದಲು ಅದೇ ದಿನ ಕೊಟ್ಟಿಗೆಗೆ ಕಡೆದುಬಿಡಿ.

ಶನಿವಾರದ ಸಭೆಗೆ ನಾನು ಅವಲಕ್ಕಿ, ಒಣ ಸೊಳೆ, ನೇರಳೆ ಪುಡಿ ತರ್ತೇನೆ. ಕಾಯಿ, ಬೆಲ್ಲ ಅಲ್ಲೇ ಯಾರಾದರೂ ನೋಡಿಕೊಳ್ಳಿ. ಮನೆಯಲ್ಲಿ ಹಳೆಯ ಬೆರಟಿ ಉಳಿದವರು ಇದ್ದರೆ ಒಂದು ಸಣ್ಣ ಡಬ್ಬದಲ್ಲಿ ಹಿಡಿದುಕೊಂಡು ಬನ್ನಿ. ಹೆಂಗಸರೂ ಬರಬೇಕು, ಸೊಳೆ ಬಿಡಿಸುವ ಕೂಲಿಯ ದರವನ್ನು ಅವರೇ ಹೇಳಲಿ. ತಿಂಡಿ ತಿಂದ ಮೇಲೆ ಕೊಟೇಶನ್ ತೆರೆಯುವ.